ಗ್ಯಾಸ್ ಹೋಗ್ಯದ

ಮಧ್ಯಾಹ್ನ ಒಂದೂವರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಈ ಹೊತ್ತಿಗೆ ಬಾಗಿಲು ಹಾಕುತ್ತವೆ. ವಾಡಿಯ ಬಜಾರಿನಲ್ಲಿ ಶಟರ್‌ಗಳು ಅರ್ಧಕ್ಕಿಳಿದಿವೆ. ಚರಂಡಿಯ ತೇವಕ್ಕೆ ಹೊಟ್ಟೆ ಊರಿ ನಾಯಿಗಳು ಮಲಗಿವೆ. ಊರೆಲ್ಲ ಒಳಗೆ ಸೇರುವಾಗ ಎ.ಸಿ. ರಿಪೇರಿಯ ಉಸ್ತಾದ್ ಹೊರಗೆ ಹೊರಟಿದ್ದಾರೆ. ಬೈಕಿನ ಹಿಂದೆ ಹುಡುಗ, ಹುಡುಗನ ತೊಡೆಯ ಮೇಲೆ ಬ್ಲೋವರ್, ಅವನ ಹೆಗಲಿಗೆ ಗೇಜ್ ಚೀಲ. ನಾನು ಸ್ಕೂಟರಿನಲ್ಲಿ ಹಿಂದೆ. ಮುಖಕ್ಕೆ ಸುತ್ತಿದ ಟವೆಲಿನೊಳಗೆ ನನ್ನ ಉಸಿರೇ ನನ್ನನ್ನು ಸುಡುತ್ತಿದೆ.

ಎ.ಸಿ. ಮೆಕ್ಯಾನಿಕ್‌ಗಳು ಈ ಊರಲ್ಲಿ ಬೆಳಿಗ್ಗೆ ಆರಕ್ಕೆ ಕೆಲಸ ಹಿಡಿದು ಹನ್ನೊಂದಕ್ಕೆ ಮಾಳಿಗೆ ಇಳಿಯುತ್ತಾರೆ. ಆಮೇಲೆ ತಗಡು ಮುಟ್ಟಿದರೆ ಬೊಬ್ಬೆ. ಇವತ್ತು ಮಾತ್ರ ಉಸ್ತಾದ್ ಬೇಕೆಂದೇ ಈ ಹೊತ್ತು ಆರಿಸಿಕೊಂಡಿದ್ದಾರೆ.

"ಮುಂಜಾನಿ ಛಲೋ ತಂಪ ಹಾಕ್ತದಂತ, ಮಧ್ಯಾಹ್ನ ಬರೇ ಗಾಳಿ ಬರ್ತದಂತ. ರೋಗ ಮಧ್ಯಾಹ್ನ ಬರ್ತದ ಅಂದ್ರ ಡಾಕ್ಟ್ರು ಮುಂಜಾನಿ ಹೋದ್ರ ಏನ್ ಸಿಗ್ತದ್ರಿ?"

ಮನೆ ಎರಡು ಕಾಲದ್ದು. ಮುಂದಿನ ಭಾಗ ಹಳೆಯದು: ಶಹಾಬಾದ ಕಲ್ಲಿನ ದಪ್ಪ ಗೋಡೆ, ಕಲ್ಲುಚಪ್ಪಡಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಬೆಳಕಿಂಡಿ. ಹಿಂದಿನ ಭಾಗ ಆರ್‌ಸಿಸಿ ಕೋಣೆ, ಅದರೊಳಗೆ ಒಂದೂವರೆ ಟನ್ನಿನ ಹಳೆಯ ಸ್ಪ್ಲಿಟ್ ಎ.ಸಿ. ಯಜಮಾನರು ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರು. ಬಾಗಿಲಲ್ಲೇ ರೋಗವನ್ನು ತಾವೇ ಹೇಳಿಬಿಡುತ್ತಾರೆ.

"ಗ್ಯಾಸ್ ಹೋಗ್ಯದ ನೋಡಪ್ಪಾ. ಎರಡ ಸಲ ಹಾಕ್ಸೀನಿ. ಒಂದ ಸಲಕ್ಕ ಎರಡೂವರೆ ಸಾವಿರ. ಮತ್ತ ಹೋಗ್ಯದ."

"ನೋಡ್ತೀನ್ರಿ ಕಾಕಾ" ಎಂದು ಉಸ್ತಾದ್ ಚಪ್ಪಲಿ ಬಿಡುತ್ತಾರೆ.

ಕೋಣೆಯೊಳಗೆ ಯಂತ್ರ ಓಡುತ್ತಿದೆ. ಉಸ್ತಾದ್ ಗ್ರಿಲ್ ಮುಂದೆ ಅಂಗೈ ಹಿಡಿಯುತ್ತಾರೆ, ಆಮೇಲೆ ಥರ್ಮಾಮೀಟರಿನ ಕಡ್ಡಿ. ಒಳಗೆ ಹೋಗುವ ಗಾಳಿ 33, ಹೊರಗೆ ಬರುವುದು 31. ಕನಿಷ್ಠ ಹತ್ತು ಡಿಗ್ರಿ ವ್ಯತ್ಯಾಸ ಇರಬೇಕಾದಲ್ಲಿ ಎರಡು. ಫಿಲ್ಟರ್ ತೆಗೆದು ನೋಡುತ್ತಾರೆ, ಸ್ವಚ್ಛ. ಕಾಕಾ ಪ್ರತಿ ಶುಕ್ರವಾರ ತೊಳೆಯುತ್ತಾರಂತೆ. ಹಾಗಾದರೆ ರೋಗ ಮೇಲಿದೆ.

ಮಾಳಿಗೆಯ ಮೆಟ್ಟಿಲ ಕೊನೆಗೆ ತಲೆ ಹೊರಗಿಟ್ಟ ಕೂಡಲೇ ಬಿಸಿಲು ಕಿವಿಯೊಳಗೆ ಇಳಿಯುತ್ತದೆ. ನೆರಳೆಂಬುದಿಲ್ಲ. ಮೂರು ಕಡೆ ಪ್ಯಾರಾಪೆಟ್ ಗೋಡೆ, ಆ ಮೂಲೆಯಲ್ಲಿ ಔಟ್‌ಡೋರ್ ಪೆಟ್ಟಿಗೆ ಉಸಿರುಗಟ್ಟಿ ಕೂತಿದೆ. ತಾನು ಊದಿದ ಬಿಸಿಗಾಳಿ ಗೋಡೆಗೆ ಬಡಿದು ತನ್ನೊಳಕ್ಕೇ ವಾಪಸು ಬರುತ್ತಿದೆ. ಹುಡುಗ ಪೆಟ್ಟಿಗೆಯ ಹತ್ತಿರ ಥರ್ಮಾಮೀಟರ್ ಇಟ್ಟು ಕೂಗುತ್ತಾನೆ: "ಉಸ್ತಾದ್, ನಲವತ್ತೆಂಟು!" ಊರಿನ ಉಷ್ಣತೆ 43 ಇರಬಹುದು. ಆದರೆ ಆ ಯಂತ್ರದ ಪಾಲಿಗೆ ಊರು ಅಂದರೆ ಈ ಮೂಲೆ.

ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಕೋಣೆಯ ಸೆಕೆಯನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ. ಹೊರಗೆ 48 ಇದ್ದರೆ ಸುರಿಯುವ ಕೊಳವೆ ಅದಕ್ಕಿಂತ ಬಿಸಿಯಾಗಿರಬೇಕು, 60 ದಾಟಬೇಕು. ಇಲ್ಲದಿದ್ದರೆ ಸೆಕೆ ಆ ಕಡೆ ಹರಿಯುವುದೇ ಇಲ್ಲ. ಅಷ್ಟು ಬಿಸಿ ಮಾಡಲು ಕಂಪ್ರೆಸರ್ ಗ್ಯಾಸನ್ನು ಅಷ್ಟು ಒತ್ತಬೇಕು. ಸೆಕೆಗಾಲದಲ್ಲಿ ತೂಕದ ಮೂಟೆ ಹೊತ್ತು ಏಣಿ ಹತ್ತಿದ ಹಾಗೆ.

ಉಸ್ತಾದ್ ಗೇಜ್ ಹಚ್ಚಿ ಮುಳ್ಳು ನೋಡುತ್ತಾರೆ, ಆಮೇಲೆ ಕ್ಲ್ಯಾಂಪ್ ಮೀಟರಿನ ದವಡೆ ತೆರೆದು ವೈರಿಗೆ ಕಚ್ಚಿಸುತ್ತಾರೆ. ಪೆಟ್ಟಿಗೆಯ ಪಟ್ಟಿಯ ಮೇಲೆ ಬರೆದದ್ದು ಏಳೂವರೆ ಆಂಪಿಯರ್. ಮೀಟರ್ ತೋರಿಸುವುದು ಹತ್ತು. ಹತ್ತೂವರೆ. ಹನ್ನೊಂದು. ನಾವು ಮೂವರೂ ಮಾತಿಲ್ಲದೆ ಆ ಅಂಕಿಯನ್ನೇ ನೋಡುತ್ತಿದ್ದೇವೆ. ಕಂಪ್ರೆಸರಿನ ಗುಂಯ್ ಎಂಬ ಸದ್ದು ದಪ್ಪಗಾಗುತ್ತ ಹೋಗಿ, ಟಕ್. ಅಷ್ಟೇ. ಫ್ಯಾನ್ ಮಾತ್ರ ಸುಮ್ಮನೆ ತಿರುಗುತ್ತಿದೆ. ಒಳಗಿನ ಓವರ್‌ಲೋಡ್ ತಾನೇ ಬಿಟ್ಟುಕೊಂಡಿದೆ.

"ಟ್ರಿಪ್ ಆತು. ಇನ್ನೊಂದ ತಾಸು ಇದು ಏಳಂಗಿಲ್ಲ." ಬೇಟೆ ಸಿಕ್ಕ ಬೇಟೆಗಾರನ ಮುಖ ಅವರದು.

ಮತ್ತೆ ಗೇಜಿನ ಕಡೆ ತಿರುಗುತ್ತಾರೆ. ಇದು ಹಳೆಯ ಆರ್-22 ಗ್ಯಾಸಿನ ಯಂತ್ರ. ಓಝೋನ್ ಪದರಕ್ಕೆ ಮಾರಕವೆಂದು 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ನಿಧಾನಕ್ಕೆ ಅಂಗಡಿಗಳಿಂದ ಮರೆಯಾಗುತ್ತಿರುವ ಗ್ಯಾಸು. ಈಗಿನ ಹೊಸ ಯಂತ್ರಗಳಲ್ಲಿ ಹೆಚ್ಚಾಗಿ ಆರ್-32. ಯಂತ್ರ ನಿಂತು ಎರಡೂ ಕಡೆಯ ಒತ್ತಡ ಸಮನಾದ ಮೇಲೆ ಮುಳ್ಳು 220ರ ಹತ್ತಿರ ನಿಲ್ಲುತ್ತದೆ. ಮಾಳಿಗೆ ಹತ್ತಿ ಬಂದ ಕಾಕಾ ಇಣುಕುತ್ತಾರೆ: "ಭಾಳ ಅದ ಅಂದಂಗಾತು?"

"ಇಷ್ಟರಿಂದ ಎಷ್ಟದ ಅಂತ ತಿಳ್ಯಂಗಿಲ್ರಿ ಕಾಕಾ. ಅಡಗಿ ಸಿಲಿಂಡರ್ ಇರ್ತದಲ್ಲ, ಮುಗಿಯೋ ಹಿಂದಿನ ದಿನಾನೂ ಉರಿ ಹಂಗೇ ಬರ್ತದಿಲ್ಲೋ? ಒಳಗ ಒಂದಿಷ್ಟು ದ್ರವ ಇರೋತನಕ ಒತ್ತಡ ಒಂದೇ. ಆದ್ರ ಓಡೂವಾಗ ನೋಡೀನಿ, ಮುಳ್ಳು ತೊಂಬತ್ತೈದಕ್ಕ ಇತ್ತು. ಎಪ್ಪತ್ತರ ಸುತ್ತ ಇರಬೇಕು. ಗ್ಯಾಸ್ ಹೋಗಿದ್ರ ಮುಳ್ಳು ಇಳೀತಿತ್ತು, ಇಲ್ಲಿ ಏರ್ಯದ."

ಕಾಕಾನಿಗೆ ಇದು ರುಚಿಸಿದಂತಿಲ್ಲ. ಗ್ಯಾಸ್ ಅವರ ಮಟ್ಟಿಗೆ ಪೆಟ್ರೋಲು, ಓಡಿದಷ್ಟೂ ಖರ್ಚಾಗಬೇಕು. ಅದು ಖರ್ಚಾಗುವ ವಸ್ತುವೇ ಅಲ್ಲ. ಮುಚ್ಚಿದ ತಾಮ್ರದ ನಳಿಗೆಯಲ್ಲಿ ಹತ್ತು ವರ್ಷವಾದರೂ ಅದೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕಿ ಬೆಸೆಯದೆ ಗ್ಯಾಸ್ ತುಂಬುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಆದರೂ ಬೇಸಿಗೆಯ ಈ ಎರಡು ತಿಂಗಳಲ್ಲಿ ಎಷ್ಟು ಮನೆಗಳು 'ಗ್ಯಾಸ್' ಎಂಬ ಒಂದೇ ಪದಕ್ಕೆ ದುಡ್ಡು ಕೊಟ್ಟಿರುತ್ತವೋ.

"ಹಂಗಾದ್ರ ಮೊದಲು ಬಂದಾಂವ ಎರಡ ಸಲ ಹಾಕಿದ್ದು?"

ಉಸ್ತಾದ್ ತಡೆದು ಹೇಳುತ್ತಾರೆ: "ಖರೇನೇ ಹಾಕಿದ್ರ ಇಷ್ಟೊತ್ತಿಗೆ ಕಂಪ್ರೆಸರ್ ಸುಟ್ಟು ಹೋಗಿರ್ತಿತ್ರಿ. ಬರೇ ಪೈಪ್ ಹಚ್ಚಿ ಸುಯ್ ಅನಿಸಿ ಹೋಗ್ಯಾನ ಅಂತ ನನ್ನ ಅಂದಾಜು. ಅವನ ಮೋಸದಿಂದ ನಿಮ್ಮ ಯಂತ್ರ ಉಳದದ."

ಹುಡುಗ ಬಾಯಿಗೆ ಟವೆಲು ಒತ್ತಿಕೊಂಡು ನಗುತ್ತಾನೆ.

ಕೊನೆಗೆ ಉಸ್ತಾದ್ ಪೆಟ್ಟಿಗೆಯ ಬೆನ್ನ ಕಡೆ ಬಗ್ಗುತ್ತಾರೆ. ಅಲ್ಲಿ ತೆಳ್ಳನೆ ಅಲ್ಯೂಮಿನಿಯಂ ರೆಕ್ಕೆಗಳು ಸಾಲಾಗಿ ಕಾಣಬೇಕು, ಅವುಗಳ ನಡುವೆ ಗಾಳಿ ಹಾಯಬೇಕು. ಕಾಣುವುದು ಗಿಲಾವು ಮಾಡಿದ ಗೋಡೆ. ಬೂದು ಬಿಳುಪಿನ ಹೊಪ್ಪಳೆ. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ.

ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಸುತ್ತಲೆಲ್ಲ ನೆಲವೇ ಸುಣ್ಣಕಲ್ಲು. ಅದನ್ನು ಕೊಯ್ದರೆ ಹಾಸುಗಲ್ಲು, ಸುಟ್ಟರೆ ಸಿಮೆಂಟು, ಎರಡರಿಂದಲೂ ಧೂಳು. ಕಲ್ಲಿನ ಲಾರಿ ಹೋದರೂ ಧೂಳು, ಪಾಲಿಶ್ ಯಂತ್ರ ತಿರುಗಿದರೂ ಧೂಳು. ಧೂಳಿಗೆ ಉಸ್ತಾದ್ ಬೆರಗಾಗುವವರಲ್ಲ. ಅವರಿಗೆ ಬಗೆಹರಿಯದ್ದು ಅದು ಹೀಗೆ ಗಟ್ಟಿಯಾದದ್ದು.

"ಇದಕ್ಕ ನೀರು ಯಾರು ಹಾಕ್ತಾರ್ರಿ?"

ಕಾಕಾ ಉತ್ತರ ಕೊಡುವುದಿಲ್ಲ. ಮೆಟ್ಟಿಲ ಕೆಳಗಿನಿಂದ ಕಾಕಿಯ ದನಿ ಬರುತ್ತದೆ: "ಇವರೇ ಹಾಕ್ತಾರ! ದಿನಾ ಮಧ್ಯಾಹ್ನ ಒಂದ ಬಕೀಟು. ಪಾಪ, ಅದೂ ಬಿಸಿ ಆಗಿರ್ತದ, ತಣ್ಣಗ ಮಾಡ್ತೀನಿ ಅಂತಾರ."

ಬೋರಿನ ಗಡಸು ನೀರು, ಅದರೊಳಗೇ ಸುಣ್ಣ. ರೆಕ್ಕೆಗಳ ಮೇಲೆ ಧೂಳು, ಧೂಳಿನ ಮೇಲೆ ದಿನಕ್ಕೊಂದು ಬಕೀಟು ನೀರು, ಮೇಲೆ ಕ್ಷಣದಲ್ಲಿ ಒಣಗಿಸುವ ಬಿಸಿಲು. ಮೂವತ್ತು ವರ್ಷ ಸಿಮೆಂಟಿನಲ್ಲಿ ದುಡಿದ ಮನುಷ್ಯ ತನ್ನ ಮಾಳಿಗೆಯ ಮೇಲೆ, ತನಗೇ ತಿಳಿಯದೆ, ಕ್ಯೂರಿಂಗ್ ಮಾಡಿದ್ದಾರೆ.

ಬಿಸಿಲಿನಲ್ಲಿ ತೊಳೆಯುವಂತಿಲ್ಲ. ಐದರವರೆಗೆ ಹಳೆಯ ಮನೆಯೊಳಗೆ ಕೂರುತ್ತೇವೆ. ಕಲ್ಲುನೆಲಕ್ಕೆ ಅಂಗಾಲು ಇಟ್ಟ ಕೂಡಲೇ ಮೈ ಸಡಿಲಾಗುತ್ತದೆ. ಕಾಕಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತಂಬಿಗೆ ತುಂಬ ಮಜ್ಜಿಗೆ ಇಡುತ್ತಾರೆ. ಅವರು ಎ.ಸಿ. ಕೋಣೆಯಲ್ಲಿ ಮಲಗುವುದೇ ಇಲ್ಲವಂತೆ, "ಮೊಣಕಾಲು ಹಿಡೀತಾವ." ರಾತ್ರಿ ಈ ದಪ್ಪ ಗೋಡೆಯೂ ಹಗಲೆಲ್ಲ ಕುಡಿದ ಬಿಸಿಲನ್ನು ಬಿಡತೊಡಗುತ್ತದೆ, ಆಗ ಅವರ ಹಾಸಿಗೆ ಅಂಗಳಕ್ಕೆ ಬರುತ್ತದೆ.

ಉಸ್ತಾದ್ ಕೆಲಸ ಕಲಿತದ್ದು ಹೈದರಾಬಾದಿನಲ್ಲಿ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದು ಮುಂಬೈ–ಮದ್ರಾಸ್ ಹಾದಿಗೆ ಕೂಡಿತು. ಈ ಕಡೆಯ ಹುಡುಗರು ಕಸುಬು ಹುಡುಕಿಕೊಂಡು ಇಂದಿಗೂ ಆ ಹಳಿ ಹಿಡಿಯುತ್ತಾರೆ. ಅಲ್ಲಿಯ ದೊಡ್ಡ ಬಂಗಲೆಗಳಲ್ಲಿ ಕೋಣೆಗೊಂದು ಯಂತ್ರ ಇರಲಿಲ್ಲ. ಇಡೀ ಮನೆಗೆ ಒಂದೇ, ಫಾಲ್ಸ್ ಸೀಲಿಂಗ್ ಒಳಗೆ ತಗಡಿನ ಡಕ್ಟ್, ಹಾಲಿನ ಗೋಡೆಗೆ ಒಂದು ಥರ್ಮೋಸ್ಟಾಟ್.

"ಒಂದ ಮನ್ಯಾಗ ಮ್ಯಾಲಿನ ಬೆಡ್‌ರೂಮ್ ತಂಪೇ ಆಗ್ತಿರಲಿಲ್ರಿ. ಅಲ್ಲೂ ಎಲ್ಲಾರೂ ಗ್ಯಾಸ್ ಗ್ಯಾಸ್ ಅಂದ್ರು. ನಮ್ಮ ಉಸ್ತಾದ್ ನನಗ ಡಕ್ಟಿನ ಬಾಜೂಕ ತೆವಳಿ ಹೋಗು ಅಂದ. ಹೋಗಿ ನೋಡ್ತೀನಿ, ಜೋಡಿನ ಟೇಪ್ ಬಿಚ್ಚಿ ತಂಪು ಗಾಳಿ ಎಲ್ಲಾ ಸೀಲಿಂಗ್ ಒಳಗೇ ಸುರೀಲತ್ತದ. ಇಲಿ ಒಂದು ಆರಾಮ ಮಲಗಿತ್ತು."

ವಾಡಿಯಲ್ಲಿ ಅಂಥದ್ದು ಇಲ್ಲವೇ ಎಂದೆ.

"ಅದಾವಲ್ಲ. ಸ್ಟೇಷನ್‌ಗೆ ಹೋಗ್ರಿ. ಎ.ಸಿ. ಡಬ್ಬಿ ಮತ್ತೇನದ? ನೆತ್ತಿ ಮ್ಯಾಲ ಎರಡು ಯಂತ್ರ, ಒಳಗ ಉದ್ದಕ್ಕ ಡಕ್ಟ್. ಎಪ್ಪತ್ತು ಮಂದಿಗಿ ತಂಪ ಮಾಡಿ ಮುಂದ ಹೋಗ್ತದ."

ಟನ್ನಿನ ಮಾತೂ ಅಲ್ಲೇ ಬಂತು. ಒಂದೂವರೆ ಟನ್ ಎಂದರೆ ಯಂತ್ರದ ತೂಕವೆಂದೇ ಕಾಕಾ ಇಷ್ಟು ದಿನ ತಿಳಿದಿದ್ದರು. ಲಾರಿಗಟ್ಟಲೆ ಟನ್ನು ಕಂಡ ಊರಲ್ಲಿ ಅದು ತಪ್ಪಲ್ಲ. ಆದರೆ ಎ.ಸಿ.ಯ ಟನ್ ಮಂಜುಗಡ್ಡೆಯ ಲೆಕ್ಕ. ಅಮೆರಿಕದ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜು 24 ತಾಸಿನಲ್ಲಿ ಕರಗುವಾಗ ಹೀರುವಷ್ಟು ಸೆಕೆ ಒಂದು ಟನ್. ಯಂತ್ರ ಬರುವ ಮುಂಚೆ ಅಲ್ಲಿ ಮಂಜುಗಡ್ಡೆ ಮಾರುತ್ತಿದ್ದವರ ಭಾಷೆ, ಮಂಜು ಕರಗಿದ ಮೇಲೂ ಉಳಿದಿದೆ.

ಐದಕ್ಕೆ ಮತ್ತೆ ಮಾಳಿಗೆ. ಎಂಸಿಬಿ ಇಳಿಸಿ, ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಮೊದಲು ಇಳಿಸುತ್ತಾರೆ. ಯಂತ್ರ ಬಂದಾದರೂ ಅದು ಹೊಡೆಯುತ್ತದೆ. ಮೇಲೆ ಬರೆದದ್ದು 50 ಮೈಕ್ರೋಫ್ಯಾರಡ್, ಮೀಟರ್ ಹೇಳುವುದು 37. ಸೆಕೆಗೆ ಅದೂ ಬಸವಳಿದಿದೆ. ಹೊಸದು ಚೀಲದಿಂದ ಬರುತ್ತದೆ.

ಹುಡುಗ ಅವಸರಕ್ಕೆ ನೀರಿನ ಪೈಪು ಹಿಡಿದಾಗ ಉಸ್ತಾದ್ ಕೈ ತಡೆಯುತ್ತಾರೆ. "ಮೊದಲು ಒಣದು." ಬ್ಲೋವರ್ ಕೂಗುತ್ತದೆ. ಒಳಗಿನಿಂದ ಹೊರಕ್ಕೆ, ಗಾಳಿ ದಿನಾ ಬರುವ ದಾರಿಗೆ ಎದುರು. ಬಿಳಿ ಮೋಡ ಏಳುತ್ತದೆ, ಹಲ್ಲಿನ ನಡುವೆ ಕರಕರ. ಆಮೇಲೆ ಮೆತ್ತನೆಯ ಬ್ರಷ್, ಮೇಲಿಂದ ಕೆಳಕ್ಕೆ ಮಾತ್ರ. ಅಡ್ಡ ಎಳೆದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ನೊರೆಯ ಕ್ಲೀನರ್, ಹತ್ತು ನಿಮಿಷದ ಕಾಯುವಿಕೆ. ಸಂಡಾಸಿನ ಆ್ಯಸಿಡ್ ಹಾಕಿದರೆ ಒಂದೇ ನಿಮಿಷಕ್ಕೆ ಹೋಗುತ್ತದಲ್ಲ ಎಂದು ಕಾಕಾ ಸಲಹೆ ಕೊಡುತ್ತಾರೆ. "ಸುಣ್ಣದ ಜೋಡಿ ಅಲ್ಯೂಮಿನಿಯಂನೂ ಹೋಗ್ತದ್ರಿ." ಕೊನೆಗೆ ಪಂಪಿನ ನೀರು. ಹಾಲಿನಂಥ ನೀರು ಮಾಳಿಗೆಯ ಮೇಲೆ ಹರಿದು ಹರಿದು, ಮೂರನೆಯ ಸಲಕ್ಕೆ ತಿಳಿಯಾಗುತ್ತದೆ. ರೆಕ್ಕೆಗಳ ನಡುವೆ ಆಚೆಗಿನ ಬೆಳಕು ಕಾಣಿಸಿದಾಗ ಹುಡುಗ ಕಣ್ಣು ಹಚ್ಚಿ ನೋಡುತ್ತಾನೆ. ಬಾಗಿದ ರೆಕ್ಕೆಗಳನ್ನು ಉಸ್ತಾದ್ ಒಂದು ಪುಟ್ಟ ಬಾಚಣಿಗೆಯಿಂದ ನೆಟ್ಟಗೆ ಮಾಡುತ್ತಾರೆ. ಶಾಲೆಗೆ ಹೋಗುವ ಹುಡುಗಿಗೆ ತಲೆ ಬಾಚಿದಷ್ಟು ನಿಧಾನ.

ಪೆಟ್ಟಿಗೆಯನ್ನು ಮೂಲೆಯಿಂದ ಎರಡಡಿ ಈಚೆಗೆ ಸರಿಸಿ, ಮುಖವನ್ನು ತೆರೆದ ಕಡೆಗೆ ತಿರುಗಿಸುತ್ತಾರೆ. ತಾಮ್ರದ ನಳಿಗೆಯ ಸುತ್ತು ಅಷ್ಟಕ್ಕೆ ಸಾಕಾಗುತ್ತದೆ. ಎಂಸಿಬಿ ಮೇಲೆ. ಗುಂಯ್. ಕ್ಲ್ಯಾಂಪ್ ಮೀಟರ್: ಎಂಟು, ಏಳೂವರೆ, ಏಳು ಪಾಯಿಂಟ್ ಎರಡು. ಅಲ್ಲೇ ನಿಲ್ಲುತ್ತದೆ. ಗೇಜ್ ಎಪ್ಪತ್ತೆರಡು. ಸಂಜೆ ಆರೂವರೆಗೂ ಹೊರಗೆ ನಲವತ್ತು ಇದೆ. ಕೆಳಗೆ ಗ್ರಿಲ್ ಮುಂದೆ ಕಡ್ಡಿ ಹದಿನೇಳು ತೋರಿಸುತ್ತದೆ. ಕಾಕಾ ಬನಿಯನ್ ಎತ್ತಿ ಹೊಟ್ಟೆಗೆ ಗಾಳಿ ಹಿಡಿದು ನಿಲ್ಲುತ್ತಾರೆ.

"ನಾಳಿ ಮಧ್ಯಾಹ್ನ ಎರಡಕ್ಕ ಫೋನ್ ಮಾಡಿ ಕೇಳ್ತೀನಿ. ನೀರು ಮಾತ್ರ ಹಾಕಬ್ಯಾಡ್ರಿ. ಬೇಕಾದ್ರ ಮ್ಯಾಲ ನೆರಳಿಗಿ ಒಂದು ಚಪ್ಪರ ಹಾಕ್ರಿ, ಮುಂದ ಬಾಜೂಕ ಖುಲ್ಲಾ ಬಿಟ್ಟು."

"ಎಷ್ಟಾತಪ್ಪಾ?"

"ಕೆಪಾಸಿಟರ್ ನಾಲ್ಕನೂರು, ಸರ್ವಿಸ್ ಆರನೂರು. ಸಾವಿರ ಕೊಡ್ರಿ."

ಕಾಕಾ ಪಾಕೀಟು ತೆರೆದವರು ಹಾಗೇ ನಿಲ್ಲುತ್ತಾರೆ. "ಸಾವಿರ? ಗ್ಯಾಸ್ ಹಾಕಿಲ್ಲಲ್ಲೋ. ಬರೇ ತೊಳದೀದಿ."

ಉಸ್ತಾದ್ ನನ್ನ ಮುಖ ನೋಡುತ್ತಾರೆ, ಆಮೇಲೆ ಚಾವಣಿ ನೋಡುತ್ತಾರೆ. ಕಾಕಿ ಏನೋ ಅನ್ನಲು ಬಾಯಿ ತೆರೆದು ಒಳಗೆ ಹೋಗುತ್ತಾರೆ. ಐದು ನಿಮಿಷದ ಚೌಕಾಸಿಗೆ ವ್ಯವಹಾರ ಎಂಟನೂರಕ್ಕೆ ಮುಗಿಯುತ್ತದೆ. ಕಾಕಾ ನೋಟುಗಳನ್ನು ಎರಡು ಸಲ ಎಣಿಸಿ ಕೊಡುತ್ತಾರೆ. ಉಸ್ತಾದ್ ಎಣಿಸದೆ ಜೇಬಿಗಿಡುತ್ತಾರೆ. ಹುಡುಗ ಬ್ಲೋವರಿನ ವೈರು ಸುತ್ತುತ್ತಿದ್ದಾನೆ. ಅವನ ರೆಪ್ಪೆ, ಮೀಸೆಯ ಕುರುಹು, ಕಿವಿಯ ಹಾಲೆ ಎಲ್ಲಾ ಬೆಳ್ಳಗೆ.