ಯಾರೂ ಸುರಿಯದ ನೀರು

ನಾವು ಪಾವಗಡದ ಕಡೆಯವರು. ಕೆರೆ ತುಂಬಿದ್ದನ್ನೇ ಅಪರೂಪಕ್ಕೆ ಕಂಡವರು. ಅಂಥ ನಾವು ನಾಲ್ಕು ಜನ ಕಾರವಾರದಲ್ಲಿ, ಕಾಳಿ ನದಿ ಅರಬ್ಬೀ ಸಮುದ್ರಕ್ಕೆ ಸೇರುವ ಕಡೆ, ಡಾಲ್ಫಿನ್ ನೋಡೋಕೆ ದೋಣಿ ಹತ್ತಿದೆವು. ನಮ್ಮವ್ವನೂ ಜೊತೆಗಿದ್ದಳು.

ದೋಣಿಯವರು ಒಂದೊಂದು ಲೈಫ್ ಜಾಕೆಟ್ ಕೊಟ್ಟರು. ಮುಂಚೆ ತೊಟ್ಟವರ ಬೆವರಿನಲ್ಲೇ ಒದ್ದೆಯಾದವು. ನಾವು ಬಿಚ್ಚಿದ್ದನ್ನು ಇನ್ಯಾರೋ ತೊಡುತ್ತಾರೆ. ಯಾರ ಮೈ ಮುಟ್ಟಿದ್ದು ಅಂತ ಯಾರೂ ಕೇಳಲಿಲ್ಲ. ಜೀವಭಯ ಅಷ್ಟರಮಟ್ಟಿಗೆ ಒಳ್ಳೇದೇ! (ದಡಕ್ಕೆ ಬಂದ ಮೇಲೆ ಎದುರು ಕೂತಿದ್ದ ದೊಡ್ಡ ಮನುಷ್ಯರು "ಯಾವೂರು, ಯಾವ ಪೈಕಿ?" ಅಂದರು. ಅದು ಬೇರೆ ಮಾತು.)

ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಬೂದುಬಣ್ಣದ ಬೆನ್ನೊಂದು ನೀರು ಸೀಳಿ ಎದ್ದಿತು. ಬೆನ್ನ ಮೇಲೆ ಗೂನು, ಗೂನಿನ ಮೇಲೊಂದು ಪುಟ್ಟ ರೆಕ್ಕೆ. ಪುಸ್ ಅಂತ ಉಸಿರು. ಇದು ಮೀನಲ್ಲ, ಉಸಿರಿಗಾಗಿ ಮೇಲೆ ಬರಲೇಬೇಕಾದ, ಮರಿಗೆ ಹಾಲೂಡಿಸುವ ಪ್ರಾಣಿ. ಈ ಗೂನುಬೆನ್ನಿನ ಡಾಲ್ಫಿನ್ ನಡುಗಡಲಿಗೆ ಹೋಗದೆ ದಡದ ಹತ್ತಿರ, ನದಿ ಬಾಯಲ್ಲೇ ಬಾಳುತ್ತದೆ. ಅದಕ್ಕೇ ಬಲೆ, ಇಂಜಿನ್ನು, ಊರ ಕೊಳೆ ಎಲ್ಲ ಅದರ ಪಾಲಿಗೇ. ಊರಂಚಿನಲ್ಲಿ ಇರುವವರ ಪಾಡು ನಮಗೆ ಹೇಳಿಕೊಡಬೇಕಾಗಿಲ್ಲ.

ಪಕ್ಕದಲ್ಲೊಂದು ಮರಿ. ದೋಣಿಯಲ್ಲಿ ಕೂಗೋ ಕೂಗು: "ಹತ್ರ ಓಡಿಸ್ರೀ, ಕಾಸು ಕೊಟ್ಟಿಲ್ವಾ?" ಮೊಬೈಲು ಹಿಡಿದವರೆಲ್ಲ ಒಂದೇ ಕಡೆ ನುಗ್ಗಿ ದೋಣಿ ವಾಲಿತು. ನಾಚಿಕೆ ಬಿಟ್ಟು ಹೇಳ್ತೀವಿ, ಆ ಕೂಗಿನಲ್ಲಿ ನಮ್ಮ ದನಿಯೂ ಇತ್ತು.

ದೋಣಿಯವರು ಇಂಜಿನ್ನೇ ನಿಲ್ಲಿಸಿಬಿಟ್ಟರು. "ಅದಕ್ಕೆ ಕಿವಿಯೇ ಕಣ್ಣು. ಈ ಸದ್ದಲ್ಲಿ ತಾಯಿ ಮರಿ ತಪ್ಪಿಹೋಗ್ತಾವೆ. ಮನಸ್ಸಿದ್ರೆ ಅದೇ ಬರ್ತದೆ" ಅಂದರು. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಜೊತೆಗೇ, ಡಾಲ್ಫಿನ್ನೂ ಇದೆ. ಅಟ್ಟುವುದನ್ನೂ ಆ ಕಾಯ್ದೆ ಬೇಟೆ ಅಂತಲೇ ಕರೆಯುತ್ತದೆ. ಆದರೆ ಕಾಯ್ದೆಗಳ ಸಂಗತಿ ನಮಗೆ ಗೊತ್ತಿಲ್ಲವೆ? ಅಸ್ಪೃಶ್ಯತೆ ಅಪರಾಧ ಅನ್ನುವ 1955ರ ಕಾಯ್ದೆ ನಮ್ಮೂರ ಬಾವಿಗೆ ಇಳಿಯಲು ಎಷ್ಟು ವರ್ಷ ಹಿಡಿಯಿತೆಂದು ಅವ್ವನನ್ನು ಕೇಳಿ. ಆ ದಿನ ಮರಿಯನ್ನು ಕಾದದ್ದು ದೋಣಿಯವರ ಕೈ.

ಗಲಾಟೆ ತಣ್ಣಗಾಯಿತು. ಅಲೆಯ ಸದ್ದು ಬಿಟ್ಟರೆ ಬೇರೆ ಇಲ್ಲ. ತಾಯಿ ಮರಿ ಎರಡೂ ತಾವಾಗಿ ಬಂದವು, ಹತ್ತಡಿ ದೂರಕ್ಕೆ.

ಅವ್ವ ಅಂಚಿಗೆ ಬಗ್ಗಿ, ಎರಡೂ ಅಂಗೈ ಜೋಡಿಸಿ ಬೊಗಸೆಯೊಡ್ಡಿ ಸುಮ್ಮನೆ ಕಾದಳು. ಚಿಕ್ಕವಳಿದ್ದಾಗ ಬಾವಿಕಟ್ಟೆಯ ಕೆಳಗೆ ನಿಂತು, ಮೇಲಿನವರು ಸುರಿಯಲಿ ಅಂತ ಕಾದ ಅದೇ ಬೊಗಸೆ. ಸುತ್ತ ಅಷ್ಟು ನೀರು!

"ಮುಟ್ಟವ್ವಾ" ಅಂದೆವು.

ಮೊದಲು ದೋಣಿಯವರ ಮುಖ ನೋಡಿದಳು. ಆಮೇಲೆ ಕೈ ಅದ್ದಿ ನಾಲಗೆಗೆ ಹಚ್ಚಿ, "ಥೂ, ಬರೀ ಉಪ್ಪು ಕಣ್ರೋ" ಅಂತ ನಕ್ಕಳು. ಆಚೆ ಮರಿ ಇನ್ನೊಂದು ಸಲ ಪುಸ್ ಅಂದಿತು.