ಫಾಂಜಿಯೊನ ಕೊನೆಯ ಜಯ

ಅರ್ಜೆಂಟೀನದ ಬಾಲ್ಕಾರ್ಸೆ ಎಂಬ ಸಣ್ಣ ಪಟ್ಟಣದಲ್ಲಿ ಇಟಲಿಯಿಂದ ವಲಸೆ ಬಂದ ಬಡ ಕುಟುಂಬದೊಳಗೆ ಜನಿಸಿ, ಬಾಲ್ಯದಲ್ಲಿಯೇ ಮೋಟಾರು ದುರಸ್ತಿಯ ಕೆಲಸಕ್ಕೆ ಸೇರಿದ ಹುವಾನ್ ಮಾನುಯೆಲ್ ಫಾಂಜಿಯೊ, 1951ರಿಂದ 1957ರೊಳಗೆ ಕಾರು ಓಟದಲ್ಲಿ ಐದು ಬಾರಿ ವಿಶ್ವವಿಜೇತನಾದನು. ಆಲ್ಫಾ ರೋಮಿಯೊ, ಮರ್ಸಿಡಿಸ್, ಫೆರಾರಿ, ಮಾಸೆರಾಟಿ ಎಂಬ ನಾಲ್ಕು ಸಂಸ್ಥೆಗಳ ವಾಹನಗಳಲ್ಲಿ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು 1957ರ ಆಗಸ್ಟ್ 4ರ ಕಡೆಗೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ, ಅರಣ್ಯಪರ್ವತಗಳ ನಡುವೆ ಸುತ್ತೊಂದಕ್ಕೆ ಸುಮಾರು 22.8 ಕಿಲೋಮೀಟರು ದೀರ್ಘವಾಗಿದ್ದ ಆ ದುರ್ಗಮ ಪಥದಲ್ಲಿ, ಇಂಧನಕ್ಕೂ ಚಕ್ರಗಳ ಬದಲಾವಣೆಗೂ ನಿಂತ ಅವನು ಸಹಾಯಕರ ವಿಳಂಬದಿಂದ ಮುಕ್ಕಾಲು ನಿಮಿಷದಷ್ಟು ಹಿಂದೆ ಬಿದ್ದು, ಅನಂತರ ಸುತ್ತಿನಿಂದ ಸುತ್ತಿಗೆ ತನ್ನ ದಾಖಲೆಯನ್ನು ತಾನೇ ಮುರಿಯುತ್ತ, ಕಡೆಯದಕ್ಕೆ ಹಿಂದಿನ ಸುತ್ತಿನಲ್ಲಿ ಫೆರಾರಿಯ ಕಾಲಿನ್ಸ್ ಮತ್ತು ಹಾಥಾರ್ನ್ ಇಬ್ಬರನ್ನೂ ದಾಟಿ ಗೆದ್ದನು. ಆಗ ಅವನಿಗೆ 46 ವರ್ಷ; ಸೋತವರಿಬ್ಬರೂ ಮೂವತ್ತನ್ನು ಮುಟ್ಟದ ತರುಣರು. ಇದೇ ಪೀಟರ್ ಕಾಲಿನ್ಸ್ ಹಿಂದಿನ ವರ್ಷ ಇಟಲಿಯ ಮೋಂಜಾದಲ್ಲಿ, ತನಗೇ ಪ್ರಶಸ್ತಿ ಒದಗುವ ಸಂಭವವಿದ್ದಾಗಲೂ, ಕೆಟ್ಟುನಿಂತ ವಾಹನದ ಫಾಂಜಿಯೊಗೆ ತನ್ನ ವಾಹನವನ್ನು ಬಿಟ್ಟುಕೊಟ್ಟಿದ್ದನೆಂಬುದನ್ನು ಇಲ್ಲಿ ನೆನೆಯದಿರಲಾರೆ. ಅಂಥ ಔದಾರ್ಯವು ಯಾವ ವಿಜಯಕ್ಕೂ ಕಡಮೆಯದಲ್ಲವೆಂದೇ ನನ್ನ ಭಾವನೆ.

ಆ ಜರ್ಮನ್ ಗೆಲವೇ ವಿಶ್ವಪ್ರಶಸ್ತಿಯ ಸ್ಪರ್ಧೆಗಳಲ್ಲಿ ಅವನ ಅಂತಿಮ ವಿಜಯವಾಯಿತು. ಮರುವರ್ಷ ಅವನು ನಿವೃತ್ತನಾದನು. ಐದು ಪ್ರಶಸ್ತಿಗಳ ಅವನ ದಾಖಲೆಯನ್ನು 2003ರಲ್ಲಿ ಮೈಕೇಲ್ ಶೂಮಾಕರ್ ಮೀರಿದನಾದರೂ, 51 ಸ್ಪರ್ಧೆಗಳಲ್ಲಿ 24 ಜಯಗಳೆಂಬ ಅನುಪಾತವನ್ನು ವಿಶ್ವವಿಜೇತರಾದವರಲ್ಲಿ ಯಾರೊಬ್ಬರೂ ಇನ್ನೂ ಸರಿಗಟ್ಟಿಲ್ಲ.