ಸೋತ ತಂಡದ 309 ರನ್ನು

ವಾರ್ಷಿಕ ಸ್ನೇಹಸಮ್ಮೇಳನದಂದು ಬಹುಮಾನದ ಯಾದಿಯನ್ನು ಓದಿ ಮುಗಿಸಿ ನಾವು ವೇದಿಕೆಯಿಂದ ಇಳಿಯುತ್ತಿದ್ದೆವು. ಖೋ-ಖೋ ಪಂದ್ಯದಲ್ಲಿ ಗೆದ್ದ ತಂಡದ, ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಹತ್ತಿರ ಬಂದು, "ಗುರೂಜಿ, ಆಕಿ ಹೆಸರ ಯಾಕ ಓದಲಿಲ್ಲರಿ?" ಎಂದು ಕೇಳಿದಳು. ಅವಳು ಬೆರಳು ಮಾಡಿ ತೋರಿಸಿದ್ದು ಸೋತ ತಂಡದ ಹುಡುಗಿಯನ್ನು. ತನ್ನೊಡನೆ ಅಂಗಳಕ್ಕಿಳಿದ ಇಬ್ಬರೂ ಔಟಾದ ಮೇಲೆ, ಸೀಟಿ ಊದುವ ತನಕ ಯಾರ ಕೈಗೂ ಸಿಗದೆ ಒಬ್ಬಳೇ ಓಡಿದವಳು ಆಕೆ. ನಮ್ಮ ಯಾದಿಯಲ್ಲಿ ಗೆದ್ದವರ ಹೆಸರುಗಳಷ್ಟೇ ಇದ್ದವು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಆ ಮಗುವಿಗೆ ಉತ್ತರ ಹೇಳಲಾಗಲಿಲ್ಲ.

ಹಿರಿಮೆಯನ್ನು ವಿಜಯಪದಕಗಳಿಂದಲೇ ಅಳೆಯಬೇಕೆ ಎಂಬುದು ಹಳೆಯ ಪ್ರಶ್ನೆ. ಅಮೆರಿಕದ ಬಾಸ್ಕೆಟ್‌ಬಾಲ್ ಆಟದಲ್ಲಿ ಬಿಲ್ ರಸೆಲ್ 13 ವರ್ಷಗಳಲ್ಲಿ 11 ಸಲ ವಿಜೇತ ತಂಡದಲ್ಲಿದ್ದನು. ಅವನ ಪ್ರತಿಸ್ಪರ್ಧಿ ವಿಲ್ಟ್ ಚೇಂಬರ್ಲಿನ್ 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರೂ ಅವನ ಪಾಲಿಗೆ ಬಂದ ವಿಜಯಗಳು ಎರಡೇ. ಇವರಲ್ಲಿ ಹಿರಿಯನಾರೆಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ಬೇಡಗದಲ್ಲಿರುವ ನಾವು ನಿದರ್ಶನಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲಾಸ್ಥಳವಾದ ಸಾಂಗಲಿಯಲ್ಲಿ 1915ರಲ್ಲಿ ಜನಿಸಿದ ವಿಜಯ ಹಜಾರೆಯವರೇ ಇದ್ದಾರೆ.

1943ರ ಡಿಸೆಂಬರದಲ್ಲಿ ಮುಂಬಯಿಯ ಬ್ರೆಬೋರ್ನ್ ಮೈದಾನದಲ್ಲಿ ಪೆಂಟಾಂಗ್ಯುಲರ್ ಕ್ರಿಕೆಟ್ ಸ್ಪರ್ಧೆಯ ಅಂತಿಮ ಪಂದ್ಯ ನಡೆಯಿತು. ಅಂದು ತಂಡಗಳು ಧರ್ಮವಾರು ರಚಿತವಾಗುತ್ತಿದ್ದುದರಿಂದ, ಕ್ರೈಸ್ತರಾದ ಹಜಾರೆಯವರು 'ಇತರರು' ಎಂಬ ಸಣ್ಣ ತಂಡದಲ್ಲಿ ಆಡಬೇಕಾಯಿತು. ಎದುರಿಗೆ ಪ್ರಬಲವಾದ ಹಿಂದೂ ತಂಡ. ಅದರ ವಿಜಯ ಮರ್ಚೆಂಟರು ಔಟಾಗದೆ 250 ಹೊಡೆದರು. ತಂಡದ ಮೊತ್ತ 581. ಇತರರ ತಂಡ 133ಕ್ಕೆ ಮುಗಿದು ಮತ್ತೆ ಆಡಬೇಕಾಗಿ ಬಂದಾಗ, ಒಟ್ಟು 387 ರನ್ನುಗಳಲ್ಲಿ 309 ಹಜಾರೆಯವರವೇ! ಆದರೂ ತಂಡವು ಒಂದು ಇನಿಂಗ್ಸ್ ಮತ್ತು 61 ರನ್ನುಗಳಿಂದ ಸೋತಿತು. ಪದಕ ಮರ್ಚೆಂಟರ ತಂಡಕ್ಕೆ ಹೋಯಿತು.

ಹಾಗಾದರೆ ಮರ್ಚೆಂಟರೇ ಹಿರಿಯರೆ? ಅವರ ಟೆಸ್ಟ್ ಸರಾಸರಿ 10 ಪಂದ್ಯಗಳಲ್ಲಿ 47.72, ಹಜಾರೆಯವರದು 30 ಪಂದ್ಯಗಳಲ್ಲಿ 47.65. ಈ ಕೂದಲೆಳೆಯ ಅಂತರದಲ್ಲಿ ಯಾರು ತೀರ್ಪು ಕೊಟ್ಟಾರು? 1951ರಲ್ಲಿ ದಿಲ್ಲಿಯಲ್ಲಿ ಇಂಗ್ಲೆಂಡಿನ ವಿರುದ್ಧ ಇವರಿಬ್ಬರೂ ಒಂದೇ ತಂಡದಲ್ಲಿ ನಿಂತು ಮೂರನೆಯ ವಿಕೆಟ್ಟಿಗೆ 211 ರನ್ನು ಕೂಡಿಸಿದರು. ಸ್ಪರ್ಧೆ ಅಲ್ಲಿ ಸಹಕಾರವಾಗಿತ್ತು.

ವಿಜಯವು ಬೆಲೆಯಿಲ್ಲದ್ದೆಂದು ನಾವು ಹೇಳುವುದಿಲ್ಲ. 1952ರಲ್ಲಿ ಮದ್ರಾಸಿನಲ್ಲಿ ಭಾರತವು ತನ್ನ ಮೊದಲ ಟೆಸ್ಟ್ ಗೆಲುವನ್ನು ಪಡೆದಾಗ ನಾಯಕರು ಹಜಾರೆಯವರೇ. ಅಂದು 12 ವಿಕೆಟ್ಟು ಕಿತ್ತವರು ವಿನೂ ಮಂಕಡರು. ಗೆಲುವು ಹಲವರ ಕೂಡುಸಂಪತ್ತು. ಅದನ್ನು ಒಬ್ಬನ ಕೊರಳಿಗೆ ಹಾಕಿ ತೂಗುವುದು ನ್ಯಾಯವಲ್ಲ. ಸೋಲೂ ಹಾಗೆಯೇ. ಆ 309ರ ಬೆನ್ನಿಗೂ ಒಬ್ಬರಿದ್ದರು: ಹಜಾರೆಯವರ ತಮ್ಮ ವಿವೇಕ. ಅಣ್ಣ-ತಮ್ಮಂದಿರು ಕೂಡಿಸಿದ 300 ರನ್ನುಗಳಲ್ಲಿ ತಮ್ಮನ ಪಾಲು ಕೇವಲ 21. ಆ 21 ಇಲ್ಲದಿದ್ದರೆ 309 ಎಲ್ಲಿಯದು? ಸೋಲು ಖಚಿತವೆಂದು ತಿಳಿದೂ ತನ್ನ ಕೆಲಸವನ್ನು ಬಿಡದೆ ನಿಂತವನನ್ನು ಹಿರಿಯನೆನ್ನಲು ನಮಗೆ ಬೇರೆ ಪದಕ ಬೇಡ.

ಇಂದು ದೇಶದ ಏಕದಿನ ಪಂದ್ಯಾವಳಿಯ ಪ್ರಶಸ್ತಿಗೆ ವಿಜಯ ಹಜಾರೆಯವರ ಹೆಸರಿದೆ. 2025ರ ಜನವರಿಯಲ್ಲಿ ಕರ್ನಾಟಕವು ವಿದರ್ಭವನ್ನು ಸೋಲಿಸಿ ಐದನೆಯ ಸಲ ಅದನ್ನು ಗೆದ್ದಾಗ, ನಮ್ಮಂಥ ಗಡಿನಾಡ ಮನೆಗಳಲ್ಲಿ ಆದ ಸಂತೋಷ ಇಮ್ಮಡಿ. ಗೆದ್ದವರು ಕನ್ನಡಿಗರು, ಹೆಸರು ಸಾಂಗಲಿಯವರದು.

ಸ್ನೇಹಸಮ್ಮೇಳನದ ಮರುದಿನ ಪ್ರಾರ್ಥನೆಯಾದ ಮೇಲೆ ನಾವು ಆ ಹುಡುಗಿಯ ಹೆಸರನ್ನು ಗಟ್ಟಿಯಾಗಿ ಓದಿದೆವು. ಹಿಂದಿನ ದಿನ ಓದದಿದ್ದುದು ನಮ್ಮ ತಪ್ಪೆಂದೂ ಹೇಳಿದೆವು. ಅವಳು ತಲೆ ತಗ್ಗಿಸಿ ನಿಂತಳು. ಮೊದಲು ಚಪ್ಪಾಳೆ ತಟ್ಟಿದವರು ಗೆದ್ದ ತಂಡದವರು.